ಅಕ್ಕ ಮೆಟ್ಟಿದ ಹನ್ನೆರಡು ಜೊತೆ

ಅಕ್ಕ ತೀರಿಕೊಂಡು ಐದು ತಿಂಗಳಾಯಿತು. ನಮ್ಮ ಮನೆಯ ಬಗ್ಗೆ ಬರೆಯಲು ಕುಳಿತಾಗಲೆಲ್ಲ ನನಗೆ ಮೊದಲು ನೆನಪಾಗುವುದು ಅವಳ ಹೆಜ್ಜೆಯ ಸದ್ದು. ಅಥಣಿಯ ಆ ಮನೆಯಲ್ಲಿ ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಮತ್ತೆ ಅಡುಗೆಮನೆಗೆ, ಹೊಸ ಚಪ್ಪಲಿ ಮೆಟ್ಟಿಕೊಂಡು ಕರ್ ಕರ್ ಎನ್ನಿಸುತ್ತ ಅವಳು ನಡೆಯುತ್ತಿದ್ದಳು. ಆ ಅಕ್ಕನಿಗೆ ನಾನು ಒಂದು ಸುಳ್ಳು ಹೇಳಿದ್ದೆ. ಹೇಳಿದಾಗ ನನಗೆ ಹನ್ನೊಂದು ವರ್ಷ. ಪುಣೆಯ ಶ್ರೀಮಂತರ ಬೀದಿಯೊಂದರಲ್ಲಿ ಒಂದು ಮಧ್ಯಾಹ್ನ ಏನಾಯಿತು ಎಂಬುದರ ಬಗ್ಗೆ ಹೇಳಿದ ಸುಳ್ಳು ಅದು. ನಲವತ್ತು ವರ್ಷ ಅದನ್ನು ಹಾಗೇ ಇರಗೊಟ್ಟೆ. ಅವಳು ಹೋಗುವ ಮೊದಲು ನಿಜ ಹೇಳಬೇಕೋ ಬೇಡವೋ ಎಂಬುದೇ ಅವಳ ಕೊನೆಯ ತಿಂಗಳುಗಳಲ್ಲಿ ನನ್ನನ್ನು ಕಾಡಿದ್ದು. ಆದರೆ ಬೀದಿಯ ಕತೆ ತಿಳಿಯಬೇಕಾದರೆ ಮೊದಲು ಮನೆ ತಿಳಿಯಬೇಕು.

ನಮ್ಮದು ಎರಡು ಕೋಣೆಯ ಮನೆ. ಮುಂದಿನ ಪಡಸಾಲೆ ಅಪ್ಪನ ಕೆಲಸದ ಜಾಗ, ಹಿಂದಿನದು ಅಡುಗೆಮನೆ, ಅದರಾಚೆ ಹಿತ್ತಲು. ಪಡಸಾಲೆಯ ನಡುವೆ ನೆಲದಲ್ಲಿ ಹೂತ ಒಂದು ಸವೆದ ಕರಿಕಲ್ಲು. ಅದರ ಮೇಲೆ ಚರ್ಮ ಹಾಸಿ, ಅಗಲ ಬಾಯಿಯ ಕತ್ತಿ ಹಿಡಿದು ಅಪ್ಪ ಚಪ್ಪಲಿಯ ಅಟ್ಟೆ ಕೊಯ್ಯುತ್ತಿದ್ದ. ಅವ್ವ ಗೋಡೆಗೊರಗಿ ಕುಳಿತು ದಾರದಷ್ಟು ಸಣ್ಣಗೆ ಸೀಳಿದ ಚರ್ಮವನ್ನು ಜಡೆ ಹೆಣೆಯುತ್ತಿದ್ದಳು. ಆ ಜಡೆಯೇ ಚಪ್ಪಲಿಯ ಮೇಲಿನ ಅಲಂಕಾರ. ಹಿತ್ತಲಿನ ಬಾನಿಯಲ್ಲಿ ಚರ್ಮ ನೆನೆಯುತ್ತಿತ್ತು. ಜಾಲಿ ತೊಗಟೆಯ ಒಗರು ವಾಸನೆ ನಮ್ಮ ಹಾಸಿಗೆಯಲ್ಲಿ, ಪಾಟೀಚೀಲದಲ್ಲಿ, ತಲೆಗೂದಲಲ್ಲಿ ಎಲ್ಲ ಕಡೆ ಇತ್ತು. ಅದು ವಾಸನೆ ಎಂದು ನನಗೆ ಗೊತ್ತಾದದ್ದು ಶಾಲೆಗೆ ಹೋದ ಮೇಲೆಯೇ. ಊಟಕ್ಕೆ ರೊಟ್ಟಿ, ಶೇಂಗಾ ಚಟ್ನಿ, ವಾರಕ್ಕೊಮ್ಮೆ ಕಡಲೆಹಿಟ್ಟಿನ ಜುಣಕ. ಎರಡು ಕೋಣೆಗಳ ನಡುವೆ ಬಾಗಿಲಿರಲಿಲ್ಲವಾದ್ದರಿಂದ ಅಪ್ಪನ ಕೆಲಸ ಅವ್ವನ ಅಡುಗೆಗೆ ನುಗ್ಗುತ್ತಿತ್ತು, ಜಗಳ ಅಲ್ಲಿಂದಲೇ ಹುಟ್ಟುತ್ತಿತ್ತು.

"ಇಲ್ಲಿ ನೋಡ್ರಿ, ರೊಟ್ಟಿ ಹಿಟ್ಟಿನಾಗ ಮತ್ತ ತೊಗಲಿನ ಚೂರು!"

"ಇರ್ಲಿ ಬಿಡ, ರೊಟ್ಟಿ ಮೂರು ವರ್ಷ ತಾಳ್ತೈತಿ."

ಅವ್ವ ನಗು ತಡೆದುಕೊಂಡು ಬೈಯುತ್ತಿದ್ದಳು. ಹೊಸ ಜೊತೆಯನ್ನು ಮನೆಯೊಳಗೆ ಇಡುವಾಗ ಅದರ ಮುಖ ಬೀದಿಬಾಗಿಲ ಕಡೆಗೇ ಇರಬೇಕೆಂಬುದು ಅವಳ ಕಟ್ಟಳೆ. ಮನೆ ಕಡೆ ಮುಖ ಮಾಡಿದ ಚಪ್ಪಲಿ ತಿರುಗಿ ಮನೆಗೇ ಬರುತ್ತದೆ ಎನ್ನುತ್ತಿದ್ದಳು. ಇಷ್ಟೆಲ್ಲ ಚಪ್ಪಲಿಗಳ ನಡುವೆ ನಾವು ಮಕ್ಕಳು ಮಾತ್ರ ಬರಿಗಾಲಲ್ಲೇ ಬೆಳೆದೆವು. ಅದು ಆಗ ನಮಗೆ ವಿಚಿತ್ರ ಅನಿಸಲಿಲ್ಲ.

ಸಂತೆಯ ವ್ಯಾಪಾರಿ ಒಯ್ಯುವ ಚಪ್ಪಲಿಗಳು ಕಟ್ಟಿಗೆಯಂತೆ ಬಿರುಸಾಗಿಯೇ ಹೋಗುತ್ತಿದ್ದವು. ಕೊಂಡವರು ಹತ್ತು ದಿನ ಕಚ್ಚಿಸಿಕೊಂಡು, ಗುಳ್ಳೆ ಎಬ್ಬಿಸಿಕೊಂಡು ತಾವೇ ಪಳಗಿಸಿಕೊಳ್ಳಬೇಕು. ಆದರೆ ಊರಿನ ಗುರುತಿನವರು, ಮದುವೆ ಮನೆಯವರು ಹೇಳಿ ಮಾಡಿಸಿದ ಜೊತೆಗಳಿಗೆ ನಮ್ಮ ಮನೆಯಲ್ಲಿ ಒಂದು ಹೆಚ್ಚಿನ ಕೆಲಸವಿತ್ತು. ಅಪ್ಪ ಅವಕ್ಕೆ ಎಣ್ಣೆ ಕುಡಿಸುತ್ತಿದ್ದ. ಆಮೇಲೆ ಅಕ್ಕ ಅವನ್ನು ಮೂರು ದಿನ ಮೆಟ್ಟುತ್ತಿದ್ದಳು. ಅಟ್ಟೆ ಸವೆಯದ ಹಾಗೆ ನೆಲಕ್ಕೆ ಗೋಣಿಚೀಲ ಹಾಸಿ ಅದರ ಮೇಲೆಯೇ ನಡೆಯುತ್ತಿದ್ದಳು. ನೀರು ತರುವಾಗ ಬಿಟ್ಟರೆ ಮನೆಯೊಳಗಿನ ಎಲ್ಲ ಕೆಲಸವೂ ಆ ಚಪ್ಪಲಿಯಲ್ಲೇ. ಮೂರನೆಯ ದಿನ ಸದ್ದು ನಿಲ್ಲುತ್ತಿತ್ತು. ಅಪ್ಪ ಜೊತೆಯನ್ನು ಕೈಗೆತ್ತಿಕೊಂಡು, ಅಟ್ಟೆಯನ್ನು ಬಿಲ್ಲಿನ ಹಾಗೆ ಬಾಗಿಸಿ, ಒಳಗೆ ಮೂಡಿದ ಐದು ಬೆರಳುಗಳ ಕಪ್ಪು ಗುರುತನ್ನು ಹೆಬ್ಬೆರಳಿಂದ ಸವರಿ, "ಪಾದ ಕುಂತೈತಿ" ಎನ್ನುತ್ತಿದ್ದ. ನಮ್ಮಲ್ಲಿ ಅದು ಒಂದು ಜೊತೆಗೆ ಸಿಗಬಹುದಾದ ದೊಡ್ಡ ಹೊಗಳಿಕೆ. ಒಯ್ದವರು ಎಷ್ಟು ಮೆತ್ತಗಿದೆ ಎನ್ನುತ್ತಿದ್ದರು. ಹೇಗೆ ಮೆತ್ತಗಾಯಿತು ಎಂದು ಅವರು ಕೇಳಲಿಲ್ಲ, ನಾವು ಹೇಳಲಿಲ್ಲ. ನಮ್ಮ ಕೈಯಿಂದ ನೀರು ಕುಡಿಯದವರು ಅಕ್ಕನ ಪಾದ ಕುಳಿತ ಜಾಗದಲ್ಲಿ ತಮ್ಮ ಪಾದ ಇಟ್ಟುಕೊಂಡು ಮದುವೆ ಚಪ್ಪರಕ್ಕೆ ಹೋಗುತ್ತಿದ್ದರು. ಇದು ನನಗೆ ಹೊಳೆದದ್ದು ಬಹಳ ತಡವಾಗಿ. ಅಕ್ಕನಿಗೆ ಮೊದಲೇ ಹೊಳೆದಿತ್ತು ಅಂತ ಕಾಣುತ್ತದೆ. ಒಮ್ಮೆ ಹಿಮ್ಮಡಿಯ ಗುಳ್ಳೆಗೆ ಅರಿಶಿನ ಮೆತ್ತಿಕೊಳ್ಳುತ್ತ ನಕ್ಕಿದ್ದಳು.

"ಲೇ ರುಕ್ಮಿ, ಈ ಊರಾಗ ಎಷ್ಟ್ ಲಗ್ನಕ್ಕ ನಾನೂ ಹೋಗೇನಿ ನೋಡ."

ನನಗೆ ಹನ್ನೊಂದು, ಅವಳಿಗೆ ಹದಿನೇಳು ಇದ್ದಾಗ, ಪುಣೆಯ ಒಬ್ಬ ಅಂಗಡಿಯ ಮಾಲೀಕರು ನಮ್ಮೂರಿನ ಮದುವೆಯೊಂದಕ್ಕೆ ಬಂದಿದ್ದರು. ನೆಂಟರ ಪೈಕಿ ಒಬ್ಬ ಹೆಣ್ಣುಮಗಳ ಕಾಲಲ್ಲಿದ್ದ ಚಪ್ಪಲಿ ನೋಡಿ, ಮುಟ್ಟಿ, ಮಾಡಿದವರ ಮನೆ ಕೇಳಿಕೊಂಡು ನಮ್ಮ ಓಣಿಗೇ ಬಂದರು. ಅವರು ಆಡಿದ್ದು ಮರಾಠಿ. ನಮ್ಮ ಕಡೆ ಅದು ಎಲ್ಲರಿಗೂ ಬರುವ ಭಾಷೆ. ಬಾಗಿಲಲ್ಲೇ ನಿಂತು, ಇಷ್ಟು ಮೆತ್ತನೆಯ ಜೊತೆಯನ್ನು ತಾನು ಎಲ್ಲೂ ಕಂಡಿಲ್ಲ, ಇಂಥವೇ ಹೆಂಗಸರ ಹನ್ನೆರಡು ಜೊತೆ ಮಾದರಿಗೆ ತಂದು ತೋರಿಸಿದರೆ ತನ್ನ ಅಂಗಡಿಗೆ ವರ್ಷವಿಡೀ ಬೇಕಾಗುತ್ತದೆ ಎಂದರು. ಒಂದು ಚೀಟಿಯಲ್ಲಿ ವಿಳಾಸ ಬರೆದುಕೊಟ್ಟರು. ಅವರು ಹೋದ ಮೇಲೆ ಅಪ್ಪ ಆ ಚೀಟಿಯನ್ನು ದೇವರ ಫೋಟೋದ ಹಿಂದೆ ಸಿಕ್ಕಿಸಿ, ಸಂತೆಯ ವ್ಯಾಪಾರಿಗೆ ತಲೆಬಾಗುವುದು ಇನ್ನು ತಪ್ಪಿತು ಎಂದ. "ಇಂಥವೇ" ಎಂಬ ಮಾತನ್ನು ನಾವೆಲ್ಲ ಒಂದೇ ರೀತಿ ತಿಳಿದುಕೊಂಡೆವು. ಮೆತ್ತನೆಯವು ಬೇಕು, ಅಂದರೆ ಅಕ್ಕ ಮೆಟ್ಟಬೇಕು.

ಹನ್ನೆರಡು ಜೊತೆ, ಒಂದಕ್ಕೆ ಮೂರು ದಿನ. ಬೇರೆ ಬೇರೆ ಅಳತೆ, ಎಲ್ಲಕ್ಕೂ ಅವಳದೇ ಕಾಲು. ಆ ಮೂವತ್ತಾರು ದಿನ ಮನೆಯಲ್ಲಿ ಕರ್ ಕರ್ ಸದ್ದು ನಿಲ್ಲಲೇ ಇಲ್ಲ. ಐದನೆಯ ಜೊತೆಯ ಹೊತ್ತಿಗೆ ಅವಳ ಕಾಲಿನ ಕಿರುಬೆರಳ ಚರ್ಮ ಕಿತ್ತುಬಂದಿತ್ತು.

"ಸಾಕ್ ಮಾಡ ಬೇ. ನಾಳೆ ಕಾಲ ನೋಡಿ ಗಂಡ ಒಲ್ಲೆ ಅಂದಾನ" ಎಂದು ಅವ್ವ ಬೈದಳು.

"ಕಾಲ ನೋಡಾಕ ಬರಾಂವ್ಗ ಚಪ್ಪಲಿ ಕೊಟ್ ಕಳಸ್ತೀನಿ, ಮಾರಿ ನೋಡಾಕ ಬರಾಂವ ಬರ್ಲಿ."

"ಮಾರಿ ಏನ್ ಭಾಳ ಚೆಂದ ಐತಿ ಅಂತ ತಿಳ್ಕೊಂಡೀಯೇನ?"

"ನಿನ್ನಂಗ ಐತಿ ಅಂತಾರವ್ವ ಎಲ್ಲಾರೂ."

ಅಪ್ಪ ಕಲ್ಲಿನ ಮೇಲಿಂದ ತಲೆ ಎತ್ತದೆ ನಕ್ಕ. ಅವಳು ಹನ್ನೆರಡನ್ನೂ ಮುಗಿಸಿದಳು.

ಅಪ್ಪನಿಗೆ ಓದು ಬರದು. ಅಂಗಡಿಯ ಹಲಗೆ ಓದಲು ನನ್ನನ್ನು ಕರೆದುಕೊಂಡು ಹೋದ. ಮಿರಜದವರೆಗೆ ಬಸ್ಸು, ಅಲ್ಲಿಂದ ರೈಲು. ಚಪ್ಪಲಿಗಳನ್ನು ಬಿಳಿ ಧೋತರದಲ್ಲಿ ಗಂಟು ಕಟ್ಟಿ ಅಪ್ಪ ದಾರಿಯುದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡಿದ್ದ. ಪುಣೆಯಲ್ಲಿ ಕೇಳುತ್ತ ಕೇಳುತ್ತ ಆ ಬೀದಿಗೆ ಹೋದಾಗ ಬಿಸಿಲು ನೆತ್ತಿಗೆ ಬಂದಿತ್ತು. ಅಥಣಿಯ ಪೇಟೆಯಲ್ಲಿ ಅಂಗಡಿಯ ಸಾಮಾನೆಲ್ಲ ಬೀದಿಗೆ ಬಂದಿರುತ್ತದೆ, ಬೆಲ್ಲದ ಪೆಂಟೆ, ಕೊಡ, ಹಗ್ಗ ದಾಟಿಕೊಂಡೇ ನಡೆಯಬೇಕು. ಇಲ್ಲಿ ಎಲ್ಲವೂ ಗಾಜಿನೊಳಗಿತ್ತು. ಒಂದು ಗಾಜಿನೊಳಗೆ ಒಂದೇ ಒಂದು ಸೀರೆ. ಇನ್ನೊಂದರಲ್ಲಿ ಮೂರು ಗಡಿಯಾರ, ಅಷ್ಟೇ. ಇಷ್ಟು ಕಡಿಮೆ ಸಾಮಾನು ಇಟ್ಟುಕೊಂಡು ಇವರು ಏನು ಮಾರುತ್ತಾರೆ ಎಂದು ನಾನು ಯೋಚಿಸುತ್ತಿದ್ದೆ. ಬಾಗಿಲು ತೆರೆದಾಗಲೆಲ್ಲ ತಣ್ಣನೆಯ ಗಾಳಿ ಬಂದು ಮೊಣಕಾಲಿಗೆ ತಾಗುತ್ತಿತ್ತು. ಎಲ್ಲಿಂದಲೋ ಬೆಣ್ಣೆ ಬಿಸ್ಕತ್ತು ಸುಡುವ ವಾಸನೆ. ಯಾರ ತಲೆಯ ಮೇಲೂ ಹೊರೆಯಿಲ್ಲ. ಯಾರೂ ಯಾರನ್ನೂ ಕೂಗಿ ಕರೆಯುತ್ತಿರಲಿಲ್ಲ. ಕೂಗದ ಪೇಟೆಯನ್ನು ನಾನು ನೋಡಿದ್ದು ಅದೇ ಮೊದಲು.

ಅಪ್ಪ ಇದಾವುದನ್ನೂ ನೋಡಲಿಲ್ಲ. ಅವನು ನೋಡಿದ್ದು ಕಾಲುಗಳನ್ನು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ತಲೆ ತಗ್ಗಿಸಿಯೇ ನಡೆದ.

"ಅಂವ್ಗ ಬಲಗಾಲ ಬೂಟ ಬಿಗಿ ಆಗೈತಿ, ನೋಡ ಹೆಂಗ ಇಡ್ತಾನ. ಈಕಿದು ಹಿಮ್ಮಡ ಎತ್ತರ ಆತು, ಸಂಜೀಕ ಟೊಂಕ ಹಿಡೀತೈತಿ."

"ಅಪ್ಪಾ, ಮ್ಯಾಲ ನೋಡಿ ನಡಿ, ಯಾರಿಗರ ಬಡೀತಿ."

"ಮ್ಯಾಲ ನೀ ನೋಡ. ಅದಕ್ಕ ಕರ್ಕೊಂಡ್ ಬಂದೀನಿ."

ಹಲಗೆ ಓದಿದೆ, ಅಂಗಡಿ ಸಿಕ್ಕಿತು. ಬಾಗಿಲಲ್ಲಿ ಅಪ್ಪ ತನ್ನ ಚಪ್ಪಲಿ ಕಳಚಿಟ್ಟು ಒಳಗೆ ಹೋದ. ಚಪ್ಪಲಿ ಮಾರುವ ಅಂಗಡಿಗೆ ಚಪ್ಪಲಿ ಬಿಟ್ಟು ಒಳಗೆ ಹೋದವನು ಅವನೊಬ್ಬನೇ ಇರಬೇಕು. ನಮ್ಮ ಓಣಿಗೆ ಬಂದಿದ್ದ ಆ ಮಾಲೀಕ ಸಾಹೇಬರು ಅಪ್ಪನ ಗುರುತು ಹಿಡಿದು ಎದ್ದು ಬಂದರು. ಒಳ್ಳೆಯ ಮನುಷ್ಯ, ಇಂದಿಗೂ ನನಗೆ ಹಾಗೆಯೇ ಅನಿಸುತ್ತದೆ. ನೀರು ಕೊಡಿಸಿದರು, ಪ್ರಯಾಣ ಹೇಗಾಯಿತು ಎಂದು ಕೇಳಿದರು. ಅಪ್ಪ ಗಂಟು ಬಿಚ್ಚಿ, ಗಾಜಿನ ಮೇಜಿನ ಮೇಲೆ ಹನ್ನೆರಡು ಜೊತೆಗಳನ್ನು ಸಾಲಾಗಿ ಇಟ್ಟ. ಸಾಹೇಬರು ಒಂದನ್ನು ಎತ್ತಿ ಬಾಗಿಸಿ, ಮೂಸಿ, ಜಡೆಯ ಹೆಣಿಗೆಯನ್ನು ಬೆರಳಲ್ಲಿ ಎಣಿಸಿ ತಲೆದೂಗಿದರು. ಪಕ್ಕದಲ್ಲಿ ಚಪ್ಪಲಿ ನೋಡುತ್ತಿದ್ದ ಒಬ್ಬ ಹೆಂಗಸು ನಮ್ಮ ಸಾಲಿನ ಹತ್ತಿರ ಬಂದು, ತುದಿಯ ಜೊತೆ ತೋರಿಸಿ, ಹಾಕಿ ನೋಡಲೇ ಎಂದು ಕೇಳಿ ತನ್ನ ಕಾಲನ್ನು ಪಾದರಕ್ಷೆಯಿಂದ ಹೊರಗೆ ತೆಗೆದಳು. ಅಷ್ಟರಲ್ಲಿ ಸಾಹೇಬರು ಮೇಲಿನ ದೀಪದ ಕೆಳಗೆ ಒಂದು ಜೊತೆಯನ್ನು ಹಿಡಿದರು. ನಮ್ಮ ಪಡಸಾಲೆಯ ಬೆಳಕಲ್ಲಿ ಮಸುಕಾಗಿ ಕಾಣುತ್ತಿದ್ದದ್ದು ಆ ಬಿಳಿ ಬೆಳಕಲ್ಲಿ ಬರೆದಂತೆ ಕಂಡಿತು. ಐದು ಬೆರಳು, ಅದರಲ್ಲಿ ಹೆಬ್ಬೆರಳಿಗಿಂತ ಉದ್ದವಾದ ಎರಡನೆಯ ಬೆರಳು, ದುಂಡು ಹಿಮ್ಮಡಿ. ಅವರು ಎರಡನೆಯ ಜೊತೆ ನೋಡಿದರು, ಮೂರನೆಯದನ್ನೂ ನೋಡಿದರು. ಅಳತೆ ಬೇರೆ ಬೇರೆಯಾದರೂ ಹನ್ನೆರಡರೊಳಗೂ ಅದೇ ಪಾದ. ಆ ಗಾಜಿನ ಮೇಜಿನ ಮೇಲೆ ನಮ್ಮ ಅಕ್ಕ ಹನ್ನೆರಡು ಸಲ ನಿಂತಿದ್ದಳು.

"ಇವನ್ನು ಯಾರೋ ಹಾಕಿಕೊಂಡಿದ್ದಾರಲ್ಲ?" ಎಂದು ಸಾಹೇಬರು ಮರಾಠಿಯಲ್ಲಿ ಕೇಳಿದರು.

ಅಪ್ಪನ ಮುಖ ಅರಳಿತು. ಕೇಳಲೆಂದೇ ಅವನು ಕಾಯುತ್ತಿದ್ದಂತಿತ್ತು.

"ಹೌದು ಸಾಹೇಬ! ನನ್ನ ದೊಡ್ಡ ಮಗಳು. ಒಂದೊಂದನ್ನೂ ಮೂರು ದಿನ ಮೆಟ್ಟಿದ್ದಾಳೆ. ಇನ್ನು ಯಾರ ಕಾಲಿಗೂ ಕಚ್ಚುವುದಿಲ್ಲ" ಎಂದು ತಾನೂ ಮರಾಠಿಯಲ್ಲೇ ಹೇಳಿದ.

ಆ ಹೆಂಗಸು ಹೊರಗೆ ತೆಗೆದ ಕಾಲನ್ನು ತನ್ನ ಪಾದರಕ್ಷೆಯೊಳಗೆ ತಿರುಗಿ ಇಟ್ಟುಕೊಂಡು ಬೇರೆ ಕಡೆ ಹೋದಳು. ಸಾಹೇಬರು ದನಿ ತಗ್ಗಿಸಿ, ಅಪ್ಪನ ಮನಸ್ಸಿಗೆ ನೋವಾಗದ ಹಾಗೆ ಮಾತಾಡಿದರು. ಈ ಬೀದಿಗೆ ಬರುವವರಿಗೆ ಯಾರೂ ಮುಟ್ಟದ್ದು ಬೇಕು, ಕಚ್ಚಿದರೂ ಪರವಾಗಿಲ್ಲ, ಕೆಲಸ ಬಹಳ ಚೆನ್ನಾಗಿದೆ, ತಿಂಗಳು ಬಿಟ್ಟು ಹೊಸವನ್ನು ತನ್ನಿ. "ಮಗಳಿಗೆ ಮಾತ್ರ ಹೇಳಿಬಿಡಿ, ಮೆಟ್ಟುವುದು ಬೇಡ ಅಂತ." ಅಪ್ಪ ಆಗಲಿ ಸಾಹೇಬ ಎಂದ. ಸಾಲಿನಲ್ಲಿದ್ದ ಚಪ್ಪಲಿಗಳನ್ನು ಒಂದೊಂದಾಗಿ ಎತ್ತಿ ಧೋತರದಲ್ಲಿ ಕಟ್ಟಿದ. ಕಟ್ಟಲು ಬಹಳ ಹೊತ್ತು ಹಿಡಿಯಿತು.

ಹೊರಗೆ ಬಂದ ಮೇಲೆ ಆ ಬೀದಿ ಬಿಟ್ಟು ಪಕ್ಕದ ರಸ್ತೆಗೆ ತಿರುಗಿದೆವು. ಅಲ್ಲಿ ರಸ್ತೆಯ ಕೆಲಸ ನಡೆದಿತ್ತು. ಹೆಂಗಸರು ಬುಟ್ಟಿಯಲ್ಲಿ ಜಲ್ಲಿ ಹೊರುತ್ತಿದ್ದರು. ಅವರ ಮಾತು ಕಿವಿಗೆ ಬಿದ್ದು ಅಪ್ಪ ನಿಂತ. ಕಲಬುರಗಿ ಕಡೆಯವರು, ಕನ್ನಡದವರು. ಅಪ್ಪ ಗಂಟನ್ನು ಅವರ ಮುಂದೆ ಬಿಚ್ಚಿದ.

"ಯಾಕಣ್ಣಾ, ಸುಮ್ನ ಯಾಕ ಕೊಡ್ತಿ?" ಎಂದು ಒಬ್ಬಳು ಅನುಮಾನದಿಂದ ಕೇಳಿದಳು.

"ಹೆಚ್ಚಾಗ್ಯಾವ ತಂಗಿ. ಇಟ್ಕೋರಿ."

ಅವಳು ಒಂದು ಜೊತೆ ಮೆಟ್ಟಿ, ಕಾದ ರಸ್ತೆಯ ಮೇಲೆ ಆ ಕಡೆಯಿಂದ ಈ ಕಡೆ ನಡೆದು ನೋಡಿ ನಕ್ಕಳು. "ಏ, ಎಷ್ಟ್ ಮೆತ್ತಗ ಅದಾವ! ಹುಟ್ಟಿದಾಗಿಂದ ನಂದೇ ಇದ್ದಂಗ ಆಗ್ಯಾವ." ಉಳಿದವರೂ ಬುಟ್ಟಿ ಇಳಿಸಿ ಬಂದರು. ಕ್ಷಣದಲ್ಲಿ ಹನ್ನೆರಡು ಜೊತೆಯೂ ಹೋದವು. ಖಾಲಿ ಧೋತರವನ್ನು ಮಡಚಿ ಹೆಗಲಿಗೆ ಹಾಕಿಕೊಂಡು ಅಪ್ಪ ಸ್ಟೇಷನ್ ಕಡೆ ನಡೆದ.

"ಅಕ್ಕಗ ಏನೂ ಹೇಳಬ್ಯಾಡ" ಎಂದ.

"ಸಾಹೇಬರು ಹೊಸಾವು ತರ್ರಿ ಅಂದಾರಲ್ಲಪ್ಪಾ?"

"ತರಬೇಕಂದ್ರ ಅಕಿಗೆ ಮೆಟ್ಟಬ್ಯಾಡ ಅನಬೇಕು. ಯಾಕ ಅಂತಾಳ. ಏನ್ ಹೇಳ್ಲಿ ಅಕಿಗೆ, ನೀನರ ಹೇಳ?"

ಅಪ್ಪ ವರ್ಷವಿಡೀ ಬರಬಹುದಾಗಿದ್ದ ಕೆಲಸವನ್ನು ಆ ಒಂದು ಮಾತು ಆಡಲಾರದೆ ಬಿಟ್ಟ. ಅವನು ಮಾಡಿದ್ದು ಸರಿಯೇ ಎಂದು ನಾನು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಬಡ ಮನೆಯವರಿಗೆ ಅಂಥ ಮೌನ ದುಬಾರಿ. ಆದರೂ ಅವತ್ತು ಅವನ ಪಕ್ಕ ನಡೆಯುತ್ತಿದ್ದಾಗ ನನಗೆ ಅವನ ಮೇಲೆ ಬಂದಷ್ಟು ಪ್ರೀತಿ ಮತ್ತೆ ಯಾರ ಮೇಲೂ ಬಂದಿಲ್ಲ. ನಾನು ಕಡಿಮೆ ಮಾತಿನವಳಾಗಿ ಬೆಳೆದೆ. ಅಂಗನವಾಡಿಯಲ್ಲಿ ಇಷ್ಟು ವರ್ಷ ಕೆಲಸ ಮಾಡಿದರೂ ಜೊತೆಯವರು ನನ್ನನ್ನು ಮೂಕವ್ವ ಎಂದೇ ಕರೆದರು. ಅದು ಆ ರಸ್ತೆಯಲ್ಲೇ ಶುರುವಾಗಿರಬೇಕು.

ಮರುದಿನ ಮನೆ ಮುಟ್ಟಿದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಎಲ್ಲ ಮಾದರಿಗೆ ಇಟ್ಟುಕೊಂಡರು, ಮುಂದಿನದನ್ನು ಹೇಳಿ ಕಳಿಸುತ್ತಾರಂತೆ, ಎಂದು ಅಪ್ಪ ಅವಳ ಮುಖ ನೋಡದೆ ಹೇಳಿ ಹಿತ್ತಲಿಗೆ ಹೋದ. ಅವಳು ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಯಾರರ ಹಾಕ್ಕೊಂಡ್ ನೋಡಿದ್ರೇನ? ಖರೇ ಹೇಳ."

ಅವಳ ಎರಡೂ ಕಿರುಬೆರಳಿಗೆ ಬಟ್ಟೆ ಸುತ್ತಿತ್ತು. ನಾನು ಅದನ್ನು ನೋಡುತ್ತಲೇ ಹೇಳಿದೆ.

"ಹೂಂ ಅಕ್ಕಾ. ಒಬ್ಬಾಕಿ ಹಾಕ್ಕೊಂಡು ಆ ಕಡಿಂದ ಈ ಕಡಿಗಿ ಅಡ್ಡಾಡಿದ್ಲು. ಎಷ್ಟ್ ಮೆತ್ತಗ ಅದಾವ, ಹುಟ್ಟಿದಾಗಿಂದ ನಂದೇ ಇದ್ದಂಗ ಆಗ್ಯಾವ ಅಂದ್ಲು."

"ಹಂಗ ಅಂದ್ಲಾ? ಆ ಪುಣಾದಾಕಿ?"

"ಹಂಗ ಅಂದ್ಲು."

ಮಾತೆಲ್ಲ ನಿಜ, ಜಾಗ ಮಾತ್ರ ಸುಳ್ಳು. ಅಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅವ್ವ ಒಲೆಯ ಮುಂದಿನಿಂದ ನನ್ನನ್ನೊಮ್ಮೆ ನೋಡಿ, ರೊಟ್ಟಿ ತಿರುವಿ ಹಾಕಿದಳು.

ಪುಣೆಯಿಂದ ಯಾರೂ ಹೇಳಿ ಕಳಿಸಲಿಲ್ಲ, ನಿಧಾನವಾಗಿ ಮನೆಯಲ್ಲಿ ಆ ಮಾತು ನಿಂತಿತು. ಆದರೆ ಅಕ್ಕನ ನಡಿಗೆ ನಿಲ್ಲಲಿಲ್ಲ. ಮೊದಲಿಗಿಂತ ಹೆಚ್ಚಾಯಿತು. ಮದುವೆಯಾಗಿ ಮುಗಳಖೋಡಕ್ಕೆ ಹೋದ ಮೇಲೂ, ಅಲ್ಲಿ ಅವಳ ಗಂಡ ಮಾಡಿದ ಜೊತೆಗಳನ್ನು ಅವಳೇ ಮೆಟ್ಟಿ ಪಳಗಿಸಿದಳು. ಪುಣೆಯ ದೊಡ್ಡ ಬೀದಿಯ ಹೆಂಗಸೇ ಮೆಚ್ಚಿದ್ದಾಳೆ ಎಂದು ಸೊಸೆಯಂದಿರಿಗೆ ಹೇಳಿ ನನ್ನನ್ನು ಸಾಕ್ಷಿಗೆ ಕರೆಯುತ್ತಿದ್ದಳು. ನಾನು ಹೂಂ ಎನ್ನುತ್ತಿದ್ದೆ. ಐವತ್ತು ದಾಟಿದ ಮೇಲೆ ಸಕ್ಕರೆ ಕಾಯಿಲೆ ಬಂತು, ಕಾಲಿನ ಸ್ಪರ್ಶವೇ ಹೋಯಿತು. ಕಳೆದ ವರ್ಷ ಕಿರುಬೆರಳಲ್ಲಿ ಎದ್ದ ಒಂದು ಗುಳ್ಳೆ ಮಾಯಲೇ ಇಲ್ಲ. ಹಳೆಯ ಗುಳ್ಳೆಗಳಿಗೂ ಇದಕ್ಕೂ ಸಂಬಂಧವಿಲ್ಲ, ಇದು ಸಕ್ಕರೆಯ ಕೆಲಸ ಎಂದರು ಡಾಕ್ಟರು. ಅವರು ಓದಿದವರು, ಅವರ ಮಾತು ನಿಜವಿರಬೇಕು. ನನಗೆ ಮಾತ್ರ ಹನ್ನೊಂದು ವರ್ಷದ ನಾನು ಅಡುಗೆಮನೆಯಲ್ಲಿ ಬೇರೆ ಉತ್ತರ ಕೊಟ್ಟಿದ್ದರೆ ಅವಳು ಅಂದೇ ಮೆಟ್ಟುವುದನ್ನು ಬಿಡುತ್ತಿದ್ದಳೇನೋ ಎಂಬ ಯೋಚನೆ ಬಿಡಲಿಲ್ಲ.

ಒಂದು ದಿನ ಬೆಳಿಗ್ಗೆ, ಗಾಯಕ್ಕೆ ಬಟ್ಟೆ ಕಟ್ಟಿ ಮುಗಿಸಿದ ಮೇಲೆ, ಅವಳ ಮನೆಯಲ್ಲಿ ನಾವಿಬ್ಬರೇ ಇದ್ದಾಗ, ಹೇಳಿಬಿಟ್ಟೆ. ಗಾಜಿನ ಮೇಜು, ಬಿಳಿ ದೀಪ, ಕಾಲು ಹಿಂದಕ್ಕೆ ತೆಗೆದುಕೊಂಡ ಹೆಂಗಸು, ಜಲ್ಲಿ ಹೊರುವವರು, ಅಪ್ಪ ಹೇಳಬ್ಯಾಡ ಅಂದದ್ದು, ಯಾವುದನ್ನೂ ಬಿಡದೆ ಹೇಳಿದೆ. ಅವಳು ಬೈಯಬಹುದು, ಅಳಬಹುದು, ತನ್ನ ಕಾಲು ತೋರಿಸಬಹುದು ಎಂದು ಎದೆ ಗಟ್ಟಿಮಾಡಿಕೊಂಡಿದ್ದೆ. ಅವಳು ಮಲಗಿದಲ್ಲಿಂದಲೇ ತಲೆಯನ್ನು ನನ್ನ ಕಡೆ ತಿರುಗಿಸಿದಳು.

"ಅಪ್ಪ ಅವತ್ತ ಉಂಡ್ನೇನ?"

ಅಪ್ಪ ಅವತ್ತು ಉಣ್ಣಲಿಲ್ಲ. ಸ್ಟೇಷನ್ನಿನ ಬೆಂಚಿನ ಮೇಲೆ ಬುತ್ತಿಯನ್ನೆಲ್ಲ ನನ್ನ ಮುಂದೆ ಇಟ್ಟು, ತಾನು ಹಳಿಗಳ ಕಡೆ ಮುಖ ಮಾಡಿ ಕುಳಿತಿದ್ದ. ನಾನು ಕರೆದಾಗ ತಿರುಗಲಿಲ್ಲ. ಮರುದಿನ ಅಥಣಿ ಮುಟ್ಟುವವರೆಗೆ ಅವನು ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ.

ಅವಳು ನನ್ನನ್ನೇ ನೋಡುತ್ತಿದ್ದಳು.

"ಉಂಡಾ ಅಕ್ಕಾ" ಎಂದೆ. "ಎರಡ ರೊಟ್ಟಿ ಉಂಡಾ."

"ಹಂಗಾದ್ರ ಆತ ಬಿಡ" ಎಂದು ಅವಳು ಕಣ್ಣು ಮುಚ್ಚಿದಳು.